ಸೊಟ್ಟ ಬಾಯಿಯಲ್ಲಿ ಕೇಳಿದ ಪ್ರಶ್ನೆ

ಬೆಳಿಗ್ಗೆ ಬಾಯಿ ಮುಕ್ಕಳಿಸಲು ಹೋದೆ. ನೀರು ಎಡಗಡೆಯಿಂದ ಸೋರಿ ಕತ್ತಿಗಿಳಿಯಿತು. ಮತ್ತೆ ಮುಕ್ಕಳಿಸಿದೆ. ಮತ್ತೆ ಸೋರಿತು.

“ಏನೇ ಇದು, ಮುಖ ಒಂದ್ ಕಡೆ ಎಳದೈತಲ್ಲ!” ಎಂದರು ಯಜಮಾನರು.

ಕನ್ನಡಿ ನೋಡಿದೆ. ಎಡಗಣ್ಣು ಮುಚ್ಚುತ್ತಿಲ್ಲ. ಹುಬ್ಬು ಏಳುತ್ತಿಲ್ಲ. ಶಿಕಾರಿಪುರದ ಟ್ರಸ್ಟ್ ಆಸ್ಪತ್ರೆಯೊಂದರಲ್ಲಿ ನಾನು ನರ್ಸಿಂಗ್ ಸೂಪರಿಂಟೆಂಡೆಂಟ್. ಎಷ್ಟೋ ಜನರ ಮುಖದಲ್ಲಿ ಇದನ್ನು ಕಂಡು ‘ಹೆದರ್ಬೇಡ್ರಿ’ ಎಂದವಳು. ನನ್ನ ಮುಖದಲ್ಲೇ ಕಂಡಾಗ ಓದಿದ್ದೆಲ್ಲ ಮರೆತುಹೋಯಿತು.

ಸ್ಟ್ರೋಕ್ ಅಲ್ಲ, ಬೆಲ್ಸ್ ಪಾಲ್ಸಿ, ಮುಖದ ನರಕ್ಕೆ ಬಾವು ಬಂದಿದೆ ಎಂದರು ಡಾಕ್ಟರು. ಸ್ಟೀರಾಯ್ಡ್ ಮಾತ್ರೆ, ಕಣ್ಣಿಗೆ ಡ್ರಾಪ್ಸ್, ಮಲಗುವಾಗ ರೆಪ್ಪೆಗೆ ಟೇಪ್, ಫಿಸಿಯೋಥೆರಪಿ. ಮುಖ್ಯವಾಗಿ ರೆಸ್ಟ್.

ರೆಸ್ಟಂತೆ! ಆ ವಾರವೇ ಟ್ರಸ್ಟ್ ಕಮಿಟಿಯ ಮೀಟಿಂಗ್ ಇತ್ತು.

ನಮ್ಮ ಟ್ರಸ್ಟಿನವರು ವರ್ಷಕ್ಕೊಬ್ಬ ನರ್ಸನ್ನು ಮಿಡ್‌ವೈಫರಿ ಪ್ರಾಕ್ಟಿಷನರ್ ತರಬೇತಿಗೆ ಕಳಿಸುತ್ತಾರೆ. ಮುಗಿಸಿ ಬಂದವಳು ಸಹಜ ಹೆರಿಗೆಯನ್ನು ತಾನೇ ಹೊಣೆ ಹೊತ್ತು ಮಾಡಿಸಬಹುದು. ಪ್ರತಿ ಸಲವೂ ಆ ಸೀಟು ನಮ್ಮಂಥ ಮನೆಗಳ ಹುಡುಗಿಗೇ ಹೋಗುತ್ತದೆ. ನಮ್ಮಂಥ ಎಂದರೆ ಅಂಗಡಿ, ಗದ್ದೆ, ಕಮಿಟಿಯಲ್ಲೊಬ್ಬ ದೊಡ್ಡಪ್ಪ ಇರುವ ಮನೆಗಳು. ಈ ಸಲ ಶಿರಾಳಕೊಪ್ಪದ ಆಚೆಯ ಲಂಬಾಣಿ ತಾಂಡಾದ ನರ್ಸ್ ಲಲಿತಾಳ ಹೆಸರು ಕೊಟ್ಟಿದ್ದೆ. ನಾನು ಹೋಗದಿದ್ದರೆ ಆ ಹೆಸರು ಎತ್ತುವವರೇ ಇರುತ್ತಿರಲಿಲ್ಲ.

ಸೊರಬದಿಂದ ಅಕ್ಕ ಬಂದಳು. ನೋಡಿ ಅತ್ತಳು, ಆಮೇಲೆ ಬೈದಳು. “ಕಂಡೋರ ಜೊತೆಗೆಲ್ಲ ಜಗಳ ಕಾಯ್ತೀಯಲ್ಲೇ, ಅದಕ್ಕೇ ದೇವರು ಬಾಯಿ ಸೊಟ್ಟ ಮಾಡಿದ್ದು. ಆ ತಾಂಡಾದ ಹುಡುಗಿ ಉಸಾಬರಿ ನಿನಗ್ಯಾಕೆ ಬೇಕಿತ್ತು?”

ಸಿಟ್ಟಿನಿಂದ ಈ ಕಾಯಿಲೆ ಬರುತ್ತದಾ ಎಂದು ಡಾಕ್ಟರನ್ನು ಕೇಳಿದೆ. ಇಲ್ಲ ಎಂದರು. ಅಕ್ಕನೆದುರು ಇನ್ನೊಮ್ಮೆ ಹೇಳಿಸಿದೆ.

ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮೀಟಿಂಗಿಗೆ ಹೋದೆ. ಟ್ರಸ್ಟಿನ ಕಾರ್ಯದರ್ಶಿ ಮೊದಲು ಕನಿಕರ ತೋರಿಸಿದರು. ಆ ಕನಿಕರ ನೆನೆದರೆ ಈಗಲೂ ಮೈ ಉರಿಯುತ್ತದೆ. ಆಮೇಲೆ ಹೇಳಿದರು, “ಲಲಿತಾ ಒಳ್ಳೆ ಹುಡುಗೀನೇ ರೀ. ಆದ್ರೆ ತಾಂಡಾದೋರ ಹೆರಿಗೆ ಬಿಟ್ರೆ ಆಕಿಗೆ ಬೇರೆ ಅನುಭವ ಎಲ್ಲೈತಿ?”

ನಮ್ಮಲ್ಲಿ ರೂಢಿಯೇ ಹಾಗೆ. ದೊಡ್ಡ ಮನೆಯ ಬಸುರಿ ಬಂದರೆ ಜೊತೆಗಿರುವ ಮುದುಕಿಯರು ‘ನರ್ಸು ಯಾರ ಪೈಕಿ?’ ಎಂದು ವಿಚಾರಿಸುತ್ತಾರೆ. ರಗಳೆ ಬೇಡವೆಂದು ಇದೇ ಕಾರ್ಯದರ್ಶಿ ಫೋನ್ ಮಾಡಿ ಲಲಿತಾಳನ್ನು ಲೇಬರ್ ರೂಮಿನಿಂದ ಹೊರಗೆ ಕಳಿಸುತ್ತಿದ್ದರು. ನಾನು ಕೂಗಾಡಿದ್ದೂ ಉಂಟು. ಈಗ ಅದನ್ನೇ ಅವಳ ಕೊರತೆ ಮಾಡಿ ಮುಂದಿಟ್ಟಿದ್ದರು, ಕೈಕಾಲು ಕಟ್ಟಿಹಾಕಿ ಇವಳಿಗೆ ಈಜು ಬರಲ್ಲ ಎಂದಂತೆ.

“ಬೇರೆ ಬಸುರೀರ ಹತ್ರ ಬಿಡದೇ ಇದ್ದೋರು ಯಾರ್ರೀ?” ಎಂದೆ.

ತುಟಿ ಕೂಡಲಿಲ್ಲ. ಮಾತು ಬರೀ ಗಾಳಿಯಾಗಿ ಹೋಯಿತು. ಜೊಲ್ಲು ಮೇಜಿನ ಮೇಲೆ ಬಿತ್ತು.

ಯಾರೋ ಕಿಸಕ್ಕೆಂದರು.

ಅಳು ಬಂತು. ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಎಡಗೆನ್ನೆಯನ್ನು ಬೆರಳಿನಿಂದ ಮೇಲಕ್ಕೆ ಒತ್ತಿ ಹಿಡಿದು, ಒಂದೊಂದೇ ಪದ ಬಿಡಿಸಿ ಮತ್ತೆ ಕೇಳಿದೆ. ಅರ್ಥವಾಗಲಿಲ್ಲ ಎಂದರು. ಸೆರಗಿನಿಂದ ಮೇಜು ಒರೆಸಿ ಮತ್ತೆ ಕೇಳಿದೆ. ಕೊನೆಗೆ ನಮ್ಮ ಹೆರಿಗೆ ವಾರ್ಡಿನ ಡಾಕ್ಟರಮ್ಮ ತಲೆ ತಗ್ಗಿಸಿಕೊಂಡೇ, “ನಾವೇ ಬಿಟ್ಟಿಲ್ಲ ಸರ್” ಎಂದರು.

ಲಲಿತಾಳ ಹೆಸರು ಪಾಸಾಯಿತು. ಮನಸಾರೆ ಒಪ್ಪಿದ್ದಲ್ಲ, ಈ ಮಾರಿ ಇಲ್ಲಿಂದ ಎದ್ದು ಹೋದರೆ ಸಾಕೆಂದು ಸಹಿ ಹಾಕಿದರು. ಹಾಕಲಿ.

ಸುದ್ದಿ ಕೇಳಿ ಲಲಿತಾ ಥ್ಯಾಂಕ್ಸ್ ಹೇಳಲಿಲ್ಲ. “ಅಷ್ಟು ಸಲ ಕೇಳೋ ಹಂಗ ಮಾಡಿದ್ರಲ್ಲ ಮೇಡಂ ನಿಮ್ಮನ್ನ, ನನಗೆ ಭಾಳ ಸಿಟ್ಟು ಬಂದೈತ್ರಿ” ಎಂದಳು. ಬರಲಿ ಬಿಡು, ಓದೋಕೆ ಹೊರಟವಳಿಗೆ ಅದೂ ಬೇಕಾಗುತ್ತೆ ಎಂದೆ.

ಈಗ ಅವಳು ತರಬೇತಿಯಲ್ಲಿದ್ದಾಳೆ. ನನ್ನ ಮುಖ ಮುಕ್ಕಾಲು ಪಾಲು ಸರಿಯಾಗಿದೆ. ಕಣ್ಣು ಮುಚ್ಚುತ್ತದೆ. ನಕ್ಕರೆ ಮಾತ್ರ ಬಾಯಿ ಬಲಕ್ಕೆ ಎಳೆಯುತ್ತದೆ. ದಿನಾ ಕೆನ್ನೆ ತಿದ್ದಿದ ಫಿಸಿಯೋಥೆರಪಿಸ್ಟ್‌ಗೆ, ಬೈದುಕೊಂಡೇ ಗಂಜಿ ಕುಡಿಸಿದ ಅಕ್ಕನಿಗೆ ನಾನು ಋಣಿ. ಕಮಿಟಿಗೆ ಅಲ್ಲ. ಪೂರ್ತಿ ಸರಿಹೋಗದೆಯೂ ಇರಬಹುದು ಎಂದಿದ್ದಾರೆ ಡಾಕ್ಟರು. ಇರಲಿ. ಮುಂದಿನ ವರ್ಷದ ಸೀಟಿಗೆ ಇನ್ನೊಬ್ಬಳ ಹೆಸರು ಕೊಡುವವಳಿದ್ದೇನೆ. ಈ ಬಾಯಲ್ಲೇ ಹೇಳುತ್ತೇನೆ.