ಗುರುವಾರದ ರೋಗಿ

ನನ್ನ ಗಂಡ ಅಹಮದಾಬಾದಿನ ಕೇಂದ್ರ ಸಂಶೋಧನಾ ಸಂಸ್ಥೆಯೊಂದರಲ್ಲಿದ್ದರು. ಅವರು ತೀರಿಕೊಂಡ ಮೇಲೆ ಅದೇ ಊರಿನ ಬೋಡಕ್‌ದೇವ್ ಬಡಾವಣೆಯ ಫ್ಲ್ಯಾಟಿನಲ್ಲಿ ನಾನೊಬ್ಬಳೇ ಉಳಿದೆ. ಮಗಳು ದೆಹಲಿಯಲ್ಲಿದ್ದಾಳೆ. ಫೋನಿನಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರಿಸುತ್ತಾಳೆ. ಆಸ್ಪತ್ರೆಯ ವೈದ್ಯೆಯ ಕೆಲಸದಿಂದ ನಿವೃತ್ತಳಾದರೂ ವಾರಕ್ಕೊಮ್ಮೆ, ಗುರುವಾರ ಮಧ್ಯಾಹ್ನ, ಕಂಪ್ಯೂಟರ್ ಮುಂದೆ ಕೂತು ಬೇರೊಂದು ಊರಿನ ಜೈಲಿನ ರೋಗಿಗಳನ್ನು ವಿಡಿಯೋದಲ್ಲಿ ನೋಡುತ್ತಿದ್ದೆ.

ಒಂದು ಗುರುವಾರ ಅಲ್ಲಿನ ಕಂಪೌಂಡರ್ ಸುಮಾರು ನಲವತ್ತರ ಒಬ್ಬನನ್ನು ಕುರ್ಚಿಯಲ್ಲಿ ಕೂರಿಸಿದ. "ಮೇಡಮ್, ಯೇ ಬೋಲ್ತಾ ಹೀ ನಹೀ," ಎಂದ. ಫೈಲಿನಲ್ಲೂ 'ಮಾತಿಲ್ಲ, ಊಟ ಬಿಟ್ಟಿದ್ದಾನೆ, ಮಾನಸಿಕ ತೊಂದರೆ ಇರಬಹುದು' ಎಂದಿತ್ತು. ಹಿಂದಿಯಲ್ಲಿ ಕೇಳಿದೆ, ಗುಜರಾತಿಯಲ್ಲಿ ಕೇಳಿದೆ. ಅವನು ತಲೆ ಎತ್ತಲಿಲ್ಲ. ಕಂಪೌಂಡರ್ ಎಬ್ಬಿಸಲು ಹೋದಾಗ ಮೇಜು ಹಿಡಿದುಕೊಂಡು, "ಯವ್ವಾ…" ಎಂದು ನರಳಿದ.

"ಏನಾಗ್ತಿದೆಯಪ್ಪಾ?" ಎಂದು ಕನ್ನಡದಲ್ಲಿ ಕೇಳಿದೆ.

ಅವನು ಮೊದಲು ಕಂಪೌಂಡರನ ಮುಖ ನೋಡಿದ, ಆಮೇಲೆ ಬಾಗಿಲ ಕಡೆ. ದನಿ ಪರದೆಯಿಂದ ಬಂದದ್ದೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು.

"ಕೆಟ್ಟ ನೀರಡಿಕಿರಿ ಯವ್ವಾ. ಎಷ್ಟ್ ಕುಡದ್ರೂ ಬಾಯಿ ಒಣಗತದ. ಕಣ್ಣ ಮಂಜಾಗ್ಯಾವು. ಕೈಕಾಲಾಗ ಕಸುವ ಇಲ್ಲ."

ಅವನು ಯಾದಗಿರಿ ಕಡೆಯವನು, ಕಟ್ಟಡದ ಕೆಲಸಕ್ಕೆಂದು ಸೂರತ್‌ಗೆ ಬಂದವನು. ಯಾವ ಕೇಸೆಂದು ನಾನು ಕೇಳಲಿಲ್ಲ. ಬೆರಳು ಚುಚ್ಚಿ ಸಕ್ಕರೆ ನೋಡಲು ಹೇಳಿದೆ. ಯಂತ್ರದಲ್ಲಿ ಬಂದ ಅಂಕಿ ನೋಡಿ ಕಂಪೌಂಡರನೇ ಗಾಬರಿಯಾದ. ಅಂದೇ ದೊಡ್ಡಾಸ್ಪತ್ರೆಗೆ ಕಳಿಸಿದರು. ಎರಡು ವಾರದ ನಂತರ ಇನ್ಸುಲಿನ್ ಜೊತೆ ಜೈಲಿಗೆ ಮರಳಿದ.

"ಹೇಣ್ತಿಗಿ ನಾ ಇಲ್ಲಿರೋದು ಗೊತ್ತಿಲ್ರಿ," ಎಂದ. ಅವಳ ಹತ್ತಿರ ಫೋನಿರಲಿಲ್ಲ. ಊರಿನ ಹಿಟ್ಟಿನ ಗಿರಣಿಯವರ ನಂಬರ್ ಮಾತ್ರ ಅವನಿಗೆ ಬಾಯಿಪಾಠವಿತ್ತು. ಅದನ್ನು ಬರೆದುಕೊಂಡು ಜೈಲಿನ ಕಲ್ಯಾಣಾಧಿಕಾರಿಗೆ ಕೊಟ್ಟೆ. ಅವರೇ ಓಡಾಡಿ ಗಂಡ ಹೆಂಡತಿ ವಿಡಿಯೋದಲ್ಲಿ ಭೇಟಿಯಾಗುವಂತೆ ಮಾಡಿದರು, ವಕೀಲರನ್ನೂ ಗೊತ್ತುಮಾಡಿದರು.

"ನನ್ನ ಮಾರಿ ನೋಡಿ ಅತ್ತಳ್ರಿ," ಎಂದ ಮುಂದಿನ ಗುರುವಾರ. "'ಎಷ್ಟ್ ಸೊರಗೀಯಲ್ಲ' ಅಂದ್ಳು."

ಅವನ ಸರದಿ ಐದೇ ನಿಮಿಷ. ಔಷಧದ ಮಾತು ಮುಗಿದ ಮೇಲೆ ಪ್ರತಿಸಲವೂ ಅವನು, "ನಿಮ್ಮದು ಊಟ ಆತೇನ್ರಿ?" ಎನ್ನುತ್ತಿದ್ದ. ನಮ್ಮ ಮನೆಯಲ್ಲಿ ನನ್ನನ್ನು ಹಾಗೆ ಕೇಳುವವರು ಇಲ್ಲವಾಗಿ ಮೂರು ವರ್ಷವಾಗಿತ್ತು. ಉಂಡಿರಲಿ ಬಿಡಲಿ, "ಆಯ್ತಪ್ಪ" ಎನ್ನುತ್ತಿದ್ದೆ. ಒಂದು ದಿನ ಮಾತ್ರ, "ಇಲ್ಲ, ಒಬ್ಬಳಿಗೇನು ಮಾಡ್ಕೊಳ್ಳೋದು ಅಂತ ಬಿಟ್ಟೆ," ಎಂದುಬಿಟ್ಟೆ.

"ಹಂಗ ಮಾಡಬ್ಯಾಡ್ರಿ," ಎಂದ ಗಂಭೀರವಾಗಿ. "ನನಗ ಹೊತ್ತಿಗಿ ಸರಿಯಾಗಿ ಉಣ್ಣು ಅಂತೀರಿ, ಮತ್ತ ನೀವು?"

ಗುರುವಾರಗಳಂದು ಬೆಳಗ್ಗೆಯಿಂದಲೇ ನಾನು ಗಡಿಯಾರ ನೋಡತೊಡಗಿದೆ. ಇದು ವೈದ್ಯೆಗೆ ಸಲ್ಲದ್ದೆಂದು ಗೊತ್ತಿತ್ತು. ಅವನು ಬಂದಿದ್ದು ರೋಗ ಹೊತ್ತುಕೊಂಡು. ನಾನು ಕಾಯುತ್ತಿದ್ದುದು ಮಾತಿಗೆ.

ಮಳೆಗಾಲ ಮುಗಿಯುತ್ತಿದ್ದಂತೆ ಒಂದು ಗುರುವಾರ ರೋಗಿಗಳ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಸೋಮವಾರವೇ ಜಾಮೀನು ಸಿಕ್ಕಿ ಹೋದನೆಂದು ಕಂಪೌಂಡರ್ ಹೇಳಿದ. "ನಿಮ್ಮ ಫೋನ್ ನಂಬರ್ ಕೇಳಿದ್ದ, ಕೊಡುವ ಹಾಗಿಲ್ಲವೆಂದೆ," ಎಂದ. ಕಂಪೌಂಡರ್ ಮಾಡಿದ್ದು ಸರಿಯೇ. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೂ ಮುಂದಿನ ರೋಗಿಯನ್ನು ಕರೆಯುವ ಮೊದಲು ಒಂದು ನಿಮಿಷ ಕ್ಯಾಮೆರಾ ಆರಿಸಿ ಕೂತೆ.

ಸಂಜೆ ಅವನ ಇನ್ಸುಲಿನ್ ಪ್ರಮಾಣವನ್ನೂ ಪಥ್ಯವನ್ನೂ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆದೆ. ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಬೇಕೆಂದೂ ಸೇರಿಸಿದೆ. ಅದರ ಫೋಟೋ ತೆಗೆದು, ಗಿರಣಿಯವರಿಗೆ ಮುಟ್ಟಿಸಿರೆಂದು ಕಲ್ಯಾಣಾಧಿಕಾರಿಗೆ ಕಳಿಸಿದೆ. ಕಳಿಸಿದ್ದೇವೆ ಎಂದು ಅವರು ಉತ್ತರಿಸಿದರು. ಅದು ಅವನ ಕೈ ಸೇರಿತೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು.