ನಿಕ್ಕಲ್ ತೊಟ್ಟಿ ಎಷ್ಟು ಬಿಸಿ ಇಡೋಣ?

ಬಸಲಿಂಗಪ್ಪ ಸರ್ ಬೀಳ್ಕೊಡುಗೆಗೆಂದು ಬರೆದ ಈ ಲೇಖನವನ್ನು ಸಮಾರಂಭದಲ್ಲಿ ನಾನೇ ಓದಬೇಕೆಂದು ಕನ್ನಡ ಸಂಘದ ಮೈಥಿಲಿ ಆಂಟಿ ಹೇಳಿದಂದಿನಿಂದ ನನಗೆ ಒಂದೇ ಚಿಂತೆ: ಅಷ್ಟು ಜನರೆದುರು ದನಿಯೇ ಹೊರಡದಿದ್ದರೆ? ಡೈರಿಯಲ್ಲಾದರೆ ಎಷ್ಟು ಬೇಕಾದರೂ ಮಾತಾಡಬಲ್ಲೆ.

ಗ್ರಾಮಫೋನ್ ರೆಕಾರ್ಡುಗಳ ತಯಾರಿಕೆಯಲ್ಲಿ ಲೋಹಲೇಪನದ ಮರ್ಮ ಬಲ್ಲ ರಸಾಯನತಜ್ಞರ ನಡುವೆ ಶ್ರೀ ಬಸಲಿಂಗಪ್ಪನವರದು ಗೌರವದ ಹೆಸರು. ಧಾರವಾಡದಲ್ಲಿ ಓದಿ, ಅರವತ್ತರ ದಶಕದ ಕೊನೆಯಲ್ಲಿ ಈ ಪರದೇಶಕ್ಕೆ ಬಂದು, ಫೋರ್ಟ್ ಮಿಲ್ ಸಮೀಪದ ನಮ್ಮ ಕಾರ್ಖಾನೆಗೇ ತಮ್ಮ ಸೇವೆಯೆಲ್ಲವನ್ನೂ ಸಲ್ಲಿಸಿದವರು. ಹಾಡಿನ ಗೆರೆ ಕೊರೆದ ಮೆದು ತಟ್ಟೆಗೆ ಬೆಳ್ಳಿಯ ತೆಳುಪೊರೆ ಹೊದಿಸಿ, ನಿಕ್ಕಲ್ ತೊಟ್ಟಿಯಲ್ಲಿ ಮುಳುಗಿಸಿ, ಅದರ ಮೇಲೆ ಬೆಳೆದ ಲೋಹವನ್ನು ಮೆಲ್ಲಗೆ ಬಿಡಿಸಿ ಅಚ್ಚು ಮಾಡುವುದು ಅವರ ವಿಭಾಗ; ಆ ಅಚ್ಚುಗಳ ನಡುವೆ ಬಿಸಿ ಪ್ಲಾಸ್ಟಿಕ್ ಮುದ್ದೆಯನ್ನು ಒತ್ತಿದಾಗ ರೆಕಾರ್ಡು ಹುಟ್ಟುತ್ತದೆ.

ಸಿಡಿ ಬಂದು ಅರ್ಧ ಪ್ರೆಸ್ಸುಗಳು ತಣ್ಣಗಾಗಿದ್ದ ತೊಂಬತ್ತಮೂರರಲ್ಲಿ, ಎಂ.ಎಸ್. ಮುಗಿಸಿ ನಾನು ಅಲ್ಲಿ ಸೇರಿದೆ. ಮೊದಲ ಪ್ರತಿಗಳನ್ನು ಒಬ್ಬಳೇ ಕೂತು ಹೆಡ್‌ಫೋನಿನಲ್ಲಿ ಕೇಳಿ ದೋಷ ಹುಡುಕುವುದು ನನ್ನ ಕೆಲಸ. ನಾನು ಹಾಡಿಗೆ ಕಿವಿಗೊಟ್ಟರೆ ಬಸಲಿಂಗಪ್ಪನವರು ಬಂದು ಪ್ಲೇಯರಿನ ಮುಳ್ಳನ್ನೆತ್ತಿ ಅಂಚಿನ ಖಾಲಿ ಗೆರೆಯ ಮೇಲಿಡುತ್ತಿದ್ದರು. “ಹಾಡು ಎಲ್ಲಾರಿಗೂ ಕೇಳಸ್ತದ ತಂಗಿ. ಮೊದಲ ಹಾಡಿಲ್ಲದ ಜಾಗ ಕೇಳು. ಅಚ್ಚಿನ ತಪ್ಪೆಲ್ಲಾ ಅಲ್ಲೇ ಮಾತಾಡ್ತಾವ.”

ಆ ಕಿವಿ ನನ್ನನ್ನೂ ಬಿಡಲಿಲ್ಲ. ಒಂದು ಸೋಮವಾರ ನನ್ನ ‘ಗುಡ್ ಮಾರ್ನಿಂಗ್’ ಕೇಳಿ, “ಯಾಕವಾ, ಶುಕ್ರವಾರದಿಂದ ಯಾರ ಜೋಡಿನೂ ಮಾತಾಡಿಲ್ಲೇನು? ದನಿ ಕರಕರ ಅನ್ನಾಕತ್ತದ” ಎಂದರು.

ನಿಜವಾಗಿತ್ತು. “ಕೋಲ್ಡ್ ಆಗಿದೆ ಸರ್” ಎಂದೆ.

ಮುಂದಿನ ಭಾನುವಾರ ಸಂಜೆ ನನ್ನ ಅಪಾರ್ಟ್‌ಮೆಂಟಿನ ಫೋನ್ ರಿಂಗಾಯಿತು. “ನಾಳೆ ನಿಕ್ಕಲ್ ತೊಟ್ಟಿ ಎಷ್ಟು ಬಿಸಿ ಇಡೂನು?” ಆ ತೊಟ್ಟಿಯನ್ನು ಸ್ಥಾಪಿಸಿದವರೇ ಅವರು, ಅದರ ಬಿಸಿ ವರ್ಷಗಳಿಂದ ಬದಲಾಗಿರಲಿಲ್ಲ. ಆದರೂ ಗಂಭೀರವಾಗಿ ಉತ್ತರಿಸಿದೆ. ಹಿಂದಿನಿಂದ ಅವರ ಪತ್ನಿ ಬಸವ್ವ ಆಂಟಿ ಕೂಗಿದರು: “ತೊಟ್ಟಿ ಸುದ್ದಿ ಸಾಕ್ರಿ, ಹುಡುಗಿ ಉಂಡಾಳೇನ್ ಕೇಳ್ರಿ!” ಅಂದಿನಿಂದ ಪ್ರತಿ ಭಾನುವಾರವೂ ಅದೇ ಪ್ರಶ್ನೆ, ಅದೇ ಉತ್ತರ, ಆಮೇಲೆ ಊಟದ ಮಾತು.

ಈಗ ಅವರು ನಿವೃತ್ತರಾಗಿ ದೂರದ ಜರ್ಮನ್‌ಟೌನ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದಾರೆ. ಅವರಿಗೆ ತುಂಬು ಆಯುಷ್ಯವಿರಲಿ, ಆ ಕಿವಿ ಎಂದಿಗೂ ಮಂದವಾಗದಿರಲಿ, ಕೈಗೆ ಸದಾ ಕೆಲಸವಿರಲಿ ಎಂದು ಹಾರೈಸಿ ಲೇಖನ ಮುಗಿಸಿದ್ದೆ. ಆದರೆ ತೊಟ್ಟಿಯೇ ಅವರದಲ್ಲದ ಮೇಲೆ ಭಾನುವಾರ ಏನೆಂದು ಕೇಳಿ ಫೋನ್ ಮಾಡಿಯಾರು?

ನಿನ್ನೆ, ಅವರ ಸೇವೆಯ ಕಡೆಯ ಭಾನುವಾರ, ಫೋನ್ ಬಂತು. “ತಂಗಿ, ನಾಳೆ ಎಷ್ಟು ಬಿಸಿ ಇಡೂನು?”

“ಅದು ನಿಮಗೆ ಗೊತ್ತಿದೆ ಸರ್” ಎಂದೆ.

ಅತ್ತ ಅವರು ಹಾಡಿಲ್ಲದ ಜಾಗವನ್ನು ಕೇಳುತ್ತಿದ್ದರು.

“ನಂಗೆ ಇಲ್ಲಿ ತುಂಬಾ ಒಂಟಿ ಅನ್ಸತ್ತೆ ಸರ್. ಅಲ್ಲಿಗೆ ಹೋದ್ಮೇಲೂ ಫೋನ್ ಮಾಡಿ.”