ಕೂಗುವುದು ಖಲಾಸ್

ಹಕ್ಕಿಯ ಹಿಕ್ಕೆಯ ಒಂದು ತುದಿ ಮಾತ್ರ ಬೆಳ್ಳಗಿತ್ತು, ಸುಣ್ಣಕ್ಕೆ ಅದ್ದಿ ತೆಗೆದ ಹಾಗೆ. ಉಳಿದದ್ದು ಕಂದು. ಕಿರುಬೆರಳಿನ ಅರ್ಧದಷ್ಟು ಉದ್ದ. ಅಂಥವು ಹದಿನಾಲ್ಕು, ಒಂದೇ ಕೊಂಬೆಯ ನೇರಕ್ಕೆ ಬಿದ್ದಿದ್ದವು. ಕಡ್ಡಿಯಿಂದ ಒತ್ತಿ ನೋಡಿದೆ. ಮೂರು ಇನ್ನೂ ಮೆತ್ತಗಿದ್ದವು. ಹಿಂದಿನ ರಾತ್ರಿಯವು.

ಕಳೆದ ವಾರ ಮಸ್ಕತ್‌ನಲ್ಲಿ, ಅಲ್ ಮವಾಲೇಹ್‌ನ ಆಚೆಗಿನ ಒಂದು ಖರ್ಜೂರದ ತೋಟದಲ್ಲಿ ಹೀಗೆ ಮೊಣಕಾಲೂರಿ ಕೂತಿದ್ದಾಗ, ಆ ತೋಟವನ್ನು ಬಹಳ ವರ್ಷ ನೋಡಿಕೊಂಡಿದ್ದ ಕಾಕ ನೆನಪಾದರು. ಹಿಕ್ಕೆ ಕಂಡು ನಿಮ್ಮ ನೆನಪಾಯಿತು ಎಂದರೆ ಅವರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಎಷ್ಟು ದಿನದ್ದು ಎಂದು ಕೇಳುತ್ತಿದ್ದರು.

ನಾನು ಖುರುಮ್‌ನ ಒಂದು ಕಚೇರಿಯಲ್ಲಿದ್ದೇನೆ. ರಸ್ತೆಯನ್ನೋ ಗೋದಾಮನ್ನೋ ಕಟ್ಟುವ ಮೊದಲು ಅಲ್ಲಿನ ಮರ, ಹಕ್ಕಿಗಳ ಬಗ್ಗೆ ವರದಿ ಬರೆಯುವುದು ನಮ್ಮ ಕೆಲಸ. ಐದು ವರ್ಷದ ಹಿಂದೆ ಎಂ.ಎಸ್ಸಿ. ಮುಗಿಸಿ ಸೇರಿದಾಗ, ಒಬ್ಬಳನ್ನೇ ಕಳಿಸಿದ ಮೊದಲ ಜಾಗ ಆ ತೋಟ. ಅಲ್ಲಿ ಏಳು ಗಾಫ್ ಮರಗಳಿದ್ದವು. ನಮ್ಮ ಬನ್ನಿ ಮರವೇ ಅದು, ಇಲ್ಲಿ ಹೆಸರು ಬೇರೆ. ರಸ್ತೆ ಅಗಲ ಮಾಡಲು ಹೊರಗಿನ ನಾಲ್ಕನ್ನು ಕಡಿಯಬೇಕಿತ್ತು. ಗೌಜಲು ಹಕ್ಕಿಗಳು ರಾತ್ರಿ ಆ ಮರಗಳಲ್ಲಿ ತಂಗುತ್ತವೆಯೇ ಎಂದು ನಾನು ನೋಡಿ ಹೇಳಬೇಕು. ತಂಗುತ್ತವೆ ಎಂದಾದರೆ ರಸ್ತೆ ಆಚೆ ಬದಿಗೆ ಸರಿಯುತ್ತಿತ್ತು.

ಮೊದಲ ದಿನ ಬೇಲಿಯ ಬಳಿ ನಿಂತು ಅಮ್ಮನೊಡನೆ ಫೋನಿನಲ್ಲಿ ತುಳು ಮಾತಾಡುತ್ತಿದ್ದೆ. ಅದನ್ನು ಕೇಳಿ ಕಾಕ ಪಂಪ್ ಶೆಡ್ಡಿನಿಂದ ಹೊರಗೆ ಬಂದರು, ಬಂಟ್ವಾಳದ ಕಡೆಯ ಬ್ಯಾರಿ, ತಲೆಗೆ ಒದ್ದೆ ಬೈರಾಸು ಸುತ್ತಿಕೊಂಡಿದ್ದರು.

“ಊರು ಯಾವುದು?”

“ಪುತ್ತೂರು, ಕಾಕ. ಹಕ್ಕಿ ಎಣಿಸಲಿಕ್ಕೆ ಬಂದದ್ದು.”

“ಹಕ್ಕಿ ಎಣಿಸಲಿಕ್ಕೆ ಪುತ್ತೂರಿನಿಂದ ಜನ ತರಿಸಿದ್ರಾ? ಅಲ್ಲಿ ಇದ್ದದ್ದೆಲ್ಲ ಎಣಿಸಿ ಆಯ್ತಾ?”

ನಾನು ನಗಲಿಲ್ಲ. ಹೊಸಬರ ಎದುರು ನನಗೆ ನಗು ಬೇಗ ಬರುವುದಿಲ್ಲ.

ಎರಡು ಬೆಳಿಗ್ಗೆ ಹೋದೆ. ಗೌಜಲು ಇರುವ ಕಡೆ ಬೆಳಕು ಹರಿಯುವ ಮೊದಲೇ ಗಲಾಟೆ ಶುರುವಾಗುತ್ತದೆ. ಒಂದು ಕೂಗಿದರೆ ಇನ್ನೊಂದು ಸುಮ್ಮನಿರುವುದಿಲ್ಲ. ಕೂಗು ಎಣಿಸಿದರೆ ಹಕ್ಕಿ ಎಣಿಸಿದಂತೆ ಎಂದು ನಾನು ಕಲಿತಿದ್ದೆ. ಎರಡು ದಿನವೂ ಪಂಪಿನ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಹೊರಡುವಾಗ ಕೇಳಿದೆ.

“ಇಲ್ಲಿ ಗೌಜಲು ಕೂಗುವುದಿಲ್ವಾ ಕಾಕ?”

“ಕೂಗುವುದು ಖಲಾಸ್,” ಎಂದು ಪೈಪು ಎಳೆದುಕೊಂಡು ಹೋದರು.

ಈ ಊರಲ್ಲಿ ಖಲಾಸ್ ಎಂದರೆ ಮುಗಿಯಿತು. ಊಟ ಖಲಾಸ್, ವೀಸಾ ಖಲಾಸ್, ಮಾತುಕತೆ ಖಲಾಸ್. ನನ್ನ ಕಿವಿಗೆ ಬಿದ್ದದ್ದು ಆ ಒಂದು ಪದ. ಕಾರಿನಲ್ಲಿ ಕೂತು ಬರೆದೆ: ‘ಗೌಜಲು ಇಲ್ಲ. ಹಿಂದೆ ಇದ್ದವು, ಈಗ ಮುಗಿದಿವೆ ಎಂದು ತೋಟದವರ ಹೇಳಿಕೆ.’ ಪದಗಳ ವಿಷಯದಲ್ಲಿ ನಾನು ಬಹಳ ಎಚ್ಚರದವಳು ಎಂದು ಆಗ ನನಗೆ ಹೆಮ್ಮೆಯಿತ್ತು.

ಮೂರು ವಾರದ ನಂತರ, ಕಡಿಯುವ ಮರಗಳಿಗೆ ಕೆಂಪು ಗುರುತು ಹಾಕಿಸಲು ಮತ್ತೆ ಹೋದೆ. ಕಾಕ ಪೇಂಟಿನ ಡಬ್ಬಿ ನೋಡಿದರು.

“ಹಕ್ಕಿ ಇಲ್ಲ ಅಂತ ಬರೆದದ್ದು ಯಾರು?”

“ನೀವೇ ಹೇಳಿದ್ದಲ್ವಾ, ಖಲಾಸ್ ಅಂತ.”

“ಕೂಗುವುದು ಖಲಾಸ್ ಅಂದೆ ಮಗಳೇ. ಹಕ್ಕಿ ಖಲಾಸ್ ಅಂದೆನಾ? ನೀನು ಮಾತಾಡುವುದೇ ಕಡಿಮೆ. ಹಾಗಂತ ನೀನು ಇಲ್ವಾ?”

ಅವರು ಸಿಟ್ಟು ಮಾಡಲಿಲ್ಲ. ಸಂಜೆ ಶೆಡ್ಡಿನ ಗೋಡೆಯ ಮರೆಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಇಟ್ಟರು. “ದುಪಟ್ಟಾ ಗಂಟು ಹಾಕಿಕೊ, ಹಾರಬಾರದು. ಫೋನು ಒಳಗೆ ಇಡು. ಇದು ಮರಸು. ಬೆಡಿ ಮಾತ್ರ ಇಲ್ಲ.” ಬೆಡಿ ಎಂದರೆ ನಮ್ಮ ಕಡೆ ಕೋವಿ. ಪ್ರಾಣಿ ಬರುವ ದಾರಿಯಲ್ಲಿ ಕೋವಿ ಹಿಡಿದು, ಅಡಗಿ, ಕದಲದೆ ಕಾಯುವುದು ಮರಸು. ಊರಲ್ಲಿ ಗಂಡಸರ ಬಾಯಲ್ಲಿ ಕೇಳಿದ್ದೆ. ಕೂತದ್ದು ಅದೇ ಮೊದಲು.

ಸೂರ್ಯ ಮುಳುಗಿದ. ಏನೂ ಇಲ್ಲ. ಬಣ್ಣಗಳು ಹೋಗಿ ಬರೀ ಆಕಾರ ಉಳಿಯುವ ಹೊತ್ತಿಗೆ, ಖರ್ಜೂರದ ಸಾಲಿನ ನಡುವೆ ನೆಲವೇ ಸರಿದಂತಾಯಿತು. ಗೌಜಲು. ಹಾರಿ ಬರಲಿಲ್ಲ, ನಡೆದು ಬಂದವು. ನಾಲ್ಕು ಹೆಜ್ಜೆ, ನಿಲ್ಲುವುದು, ಮತ್ತೆ ನಾಲ್ಕು ಹೆಜ್ಜೆ. ಹೊರಗಿನಿಂದ ಮೂರನೆಯ ಗಾಫ್ ಮರದ ಬುಡಕ್ಕೆ ಬಂದು, ಒಂದೊಂದಾಗಿ, ಒಂದು ಚೂರೂ ಸದ್ದಿಲ್ಲದೆ ಮೇಲೇರಿದವು. ಒಂಬತ್ತು.

ಕಾಕ ಪಿಸುಗುಟ್ಟಿದರು. “ಮೊದಲು ಕೆಳಗಿನ ಕೊಂಬೆಯಲ್ಲೇ ಕೂರ್ತಿದ್ದವು, ಬೇಗ ಬಂದು, ಜಗಳ ಮಾಡಿಕೊಂಡು. ಶುಕ್ರವಾರ ಬೆಳಿಗ್ಗೆ ಬೇಟೆಯವರು ಪಿಕಪ್ಪಿನಲ್ಲಿ ಬರಲಿಕ್ಕೆ ಶುರು ಮಾಡಿದರು, ಏರ್‌ಗನ್ ತಕೊಂಡು. ಕೂಗಿದ್ದು ಎಲ್ಲಿ ಉಂಟು ಅಂತ ಗೊತ್ತಾಗ್ತದಲ್ಲ, ಅದು ಮೊದಲು ಸತ್ತಿತು. ಕೂಗದ್ದು ಉಳಿಯಿತು. ಈಗ ನಾಲ್ಕು ದಿನ ಒಂದು ಮರ, ಆಮೇಲೆ ಇನ್ನೊಂದು. ಏಳು ಮರವೂ ಬೇಕು ಇವುಗಳಿಗೆ.”

“ನಿಮಗೆ ಹೇಗೆ ಗೊತ್ತಾಯ್ತು?”



“ನಮ್ಮ ಗುಡ್ಡೆಯಲ್ಲಿ ಕಾಡುಕೋಳಿ ಹೀಗೆಯೇ ಮಾಡಿದ್ದು. ಕೂಗಿದ್ದಕ್ಕೆಲ್ಲ ನಾವು ಬೆಡಿ ಇಟ್ಟಿದ್ದೆವು. ಆಮೇಲೆ ಕೂಗೇ ಇಲ್ಲ. ಕೋಳಿ ಮುಗಿಯಿತು ಅಂತ ಎಲ್ಲರೂ ಅಂದರು. ನಾನು ಮಾತ್ರ ಹೋಗಿ ಮರಸು ಕೂತೆ. ಬಂದವು, ನಡೆದುಕೊಂಡು… ಮರಕ್ಕೆ ಕೂತ ಕೋಳಿಗೆ ಬೆಡಿ ಇಡಬಾರದು ಅಂತ ನನ್ನ ಉಪ್ಪ ಹೇಳಿದ್ದರು.”

“ಇಟ್ಟಿರಾ?”

“ಇಟ್ಟೆ. ನಾಲ್ಕು ಬಿದ್ದವು. ಆಮೇಲೆ ನಿಜವಾಗಿ ಖಲಾಸ್.”

ಮರುದಿನ ಮ್ಯಾನೇಜರರಿಗೆ ಹೇಳಿದೆ. ಉಡುಪಿಯವರು, ಕೆಟ್ಟವರಲ್ಲ. “ಫೈಲು ಹೋಗಿ ಆಯ್ತು. ನಿನ್ನ ಪ್ರೊಬೇಷನ್ ಮುಗೀಲಿ, ಆಮೇಲೆ ತಪ್ಪು ಹುಡುಕು,” ಎಂದರು. ನಾನು ಸರಿ ಎಂದೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಸರಿ ಎಂದು ಹೇಳಿ ನನ್ನ ಮೇಜಿಗೆ ಹೋಗಿ ಕೂತೆ. ಹತ್ತು ದಿನದಲ್ಲಿ ನಾಲ್ಕು ಮರ ಕಡಿದರು.

ಆಮೇಲೆ ತೋಟಕ್ಕೆ ಹೋದಾಗ ಕಾಕ ಹಾಲಿಲ್ಲದ ಚಹಾ ಕೊಟ್ಟರು. ಮರದ ಮಾತು ಎತ್ತಲಿಲ್ಲ. ಹೊರಡುವಾಗ ಮಾತ್ರ, “ಈಗ ಮೂರು ಮರಕ್ಕೇ ಬರ್ತವೆ. ಎರಡು ಹಕ್ಕಿ ಕಡಿಮೆ,” ಎಂದರು. ಅಲ್ಲಿಂದ ಮುಂದೆ ಚಳಿಗಾಲದ ಕೆಲವು ಸಂಜೆಗಳಲ್ಲಿ ನಾನೇ ಹೋಗಿ ಆ ಕುರ್ಚಿಯಲ್ಲಿ ಕೂರುತ್ತಿದ್ದೆ. ನಮ್ಮ ನಡುವೆ ಮಾತೇ ಇರುತ್ತಿರಲಿಲ್ಲ… ಒಮ್ಮೆ ಇಡೀ ಸಂಜೆ ಕೂತು, ಕೊನೆಗೆ ಇಬ್ಬರೂ ಒಟ್ಟಿಗೆ “ಎಂಟು” ಎಂದದ್ದು ನೆನಪಿದೆ. ಎರಡು ವರ್ಷದ ಹಿಂದೆ ಅವರು ಊರಿಗೆ ಹೋದರು. ಮಂಡಿನೋವು ಹೆಚ್ಚಾಗಿತ್ತು.

ಈಗ ಉಳಿದ ಮೂರು ಮರದ ಜಾಗಕ್ಕೆ ಗೋದಾಮು ಬರಲಿದೆ. ಆ ಫೈಲು ನನ್ನ ಮೇಜಿಗೇ ಬಂತು.

“ಹಳೇ ವರದಿ ಉಂಟಲ್ಲ, ನಿಂದೇ,” ಎಂದರು ಮ್ಯಾನೇಜರ್. “ಆ ಸಾಲನ್ನೇ ಎತ್ತಿ ಹಾಕು. ಯಲ್ಲಾ, ಬೇಗ, ಈ ವಾರ ಮುಗಿಸು.”

ನಾನು ತೋಟಕ್ಕೆ ಹೋದೆ. ಹಿಕ್ಕೆ ಕಂಡದ್ದು ಅಂದೇ. ಮೂರು ಸಂಜೆ ಶೆಡ್ಡಿನ ಹಿಂದೆ ಒಬ್ಬಳೇ ಕೂತೆ. ಆರು, ಆರು, ಏಳು. ಮೂರನೆಯ ಸಂಜೆ ಕಾರಿಗೆ ಬಂದು ಕಾಕನ ಊರಿನ ನಂಬರಿಗೆ ಫೋನು ಮಾಡಿದೆ. ಅವರ ಮಗಳು ಎತ್ತಿದರು.

“ಉಪ್ಪ ತೀರಿಹೋಗಿ ನಾಲ್ಕು ತಿಂಗಳಾಯ್ತಲ್ಲ. ನೀವು ಯಾರು?”

“ಮಸ್ಕತ್‌ನಿಂದ. ಹಕ್ಕಿ ಎಣಿಸುವವಳು.”

“ಓ, ಆ ಮಾತಾಡದ ಹುಡುಗಿಯಾ? ಉಪ್ಪ ಹೇಳ್ತಿದ್ದರು.”

ಏನು ಹೇಳುತ್ತಿದ್ದರು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಹೇಳಬೇಕೆಂದುಕೊಂಡಿದ್ದ ಲೆಕ್ಕವೂ ಹಾಗೇ ಉಳಿಯಿತು. ಆ ‘ಏಳು’ ಏನೆಂದು ಇನ್ನು ಬೇರೆ ಯಾರಿಗೂ ಅರ್ಥವಾಗುವುದಿಲ್ಲ. ನನ್ನ ಬಗ್ಗೆ ಅವರು ಒಮ್ಮೆಯೂ ಯಾರಲ್ಲೂ ದೂರಿರಲಿಲ್ಲ ಎಂಬುದು ಆ ಮಗಳ ದನಿಯಲ್ಲೇ ಗೊತ್ತಾಗುತ್ತಿತ್ತು.

ಮರುದಿನ ಬೆಳಿಗ್ಗೆ ಕಚೇರಿಗೆ ಹೋಗಿ, ಹಳೆಯ ಸಾಲು ತಪ್ಪು, ಅದನ್ನು ಹಾಕುವುದಿಲ್ಲ ಎಂದು ಮ್ಯಾನೇಜರರಿಗೆ ಹೇಳಿದೆ.

“ಐದು ವರ್ಷ ಆದ ಮೇಲೆ ತಪ್ಪು ಅಂತ ಬರೆದರೆ, ನಿನ್ನ ಬೇರೆ ವರದಿಗಳನ್ನು ಯಾರು ನಂಬ್ತಾರೆ ಮಾರಾಯ್ತಿ?”

“ನಂಬದಿದ್ದರೆ ಅವನ್ನೂ ಹೋಗಿ ಇನ್ನೊಮ್ಮೆ ಎಣಿಸ್ತೇನೆ ಸರ್.”

ಮೊದಲ ಪುಟದಲ್ಲೇ ಬರೆದೆ: ‘ಗೌಜಲು ಏಳು. ತಂಗುವ ಮರ ಮೂರು, ಮೂರೂ ಬೇಕು. ಹಿಂದಿನ ವರದಿಯಲ್ಲಿ ಹಕ್ಕಿ ಇಲ್ಲ ಎಂದು ಬರೆದವಳು ನಾನು. ಅದು ತಪ್ಪು. ತೋಟದವರು ಹಾಗೆ ಹೇಳಿರಲಿಲ್ಲ.’ ಕೆಳಗೆ ನನ್ನ ಪೂರ್ತಿ ಹೆಸರು ಹಾಕಿ ಕಳಿಸಿದೆ.